ಗೋಡೆಯ ಹಲ್ಲು

ಕೆಳಗಿನ ಬೀದಿಯವರು ಕೇಳಿದ್ದು ಕಕ್ಕಸು. ಬಂದದ್ದು ಚಿತ್ರ.

ಇದು ಹೇಗಾಯಿತೆಂದು ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಸಭೆ ನಡೆದದ್ದಂತೂ ನಿಜ. ಸಮಾಜಸೇವೆಯ ಸಂಸ್ಥೆಯೊಂದರ ಮೇಡಂ ಜನರ ಜೊತೆ ನೆಲದ ಮೇಲೇ ಚಕ್ಕಂಬಕ್ಕಳ ಹಾಕಿ ಕೂತರು. ಕೆಳಗೆ ಹಾಸಿಕೊಳ್ಳಲು ಕಾರಿನಿಂದ ಚಾಪೆ ತರಿಸಿಕೊಂಡಿದ್ದರು, ಅದು ಬೇರೆ ಮಾತು. ಎಲ್ಲರ ಕೈಗೂ ಬಣ್ಣದ ಚೀಟಿ ಕೊಟ್ಟು, "ನಿಮ್ಮ ಕನಸೇನು, ಬರೀರಿ" ಅಂದರು. ಬರೆಯಲು ಬಾರದವರು ಬಾಯಲ್ಲಿ ಹೇಳಿದರು. ಕಕ್ಕಸು. ಕಕ್ಕಸು. ಬೀದಿ ದೀಪ. ಕಕ್ಕಸಿಗೆ ಬಾಗಿಲು. ಮಂಡಿನೋವಿನ ಮುದುಕ ಎದ್ದು ನಿಂತು, ಬಯಲಲ್ಲಿ ಕೂತರೆ ತನಗೆ ಏಳಲು ಆಗುವುದಿಲ್ಲವೆಂದು ಕೂತು ತೋರಿಸಿದ. ನಿಜಕ್ಕೂ ಏಳಲಾಗಲಿಲ್ಲ, ಇಬ್ಬರು ಎತ್ತಿದರು. ಮೇಡಂ ಚೀಟಿಗಳನ್ನೆಲ್ಲ ಹಲಗೆಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿ ಹೇಳಿದರು: "ಒಟ್ಟಾರೆ ನಿಮಗೆಲ್ಲ ಬೇಕಾಗಿರೋದು ಘನತೆ."

"ಅದಕ್ಕೆ ಬಾಗಿಲು ಇರುತ್ತೇನಮ್ಮ?" ಅಂತ ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು.

ಮೇಡಂಗೆ ಕೇಳಿಸಲಿಲ್ಲ. ಮುಂದಿನ ವಾರವೇ ಕಲಾವಿದ ಬಂದ.

ಕೇಳಿದ ಮುದುಕಿ ಸುಣ್ಣದಕ್ಕನ ಅತ್ತೆ. ಸುಣ್ಣದಕ್ಕ ಅಂದರೆ ಸುಣ್ಣ ಬಳಿಯುವವಳು. ಅವಳಿಗೂ ಒಂದು ಹೆಸರಿದೆ, ಸರ್ಕಾರಿ ಕಾರ್ಡಿನೊಳಗೆ ಭದ್ರವಾಗಿದೆ, ಹೊರಗೆ ಯಾರೂ ಬಳಸುವುದಿಲ್ಲ. ಹದಿನಾರನೇ ವಯಸ್ಸಿನಿಂದ ಊರವರ ಗೋಡೆ ಬೆಳ್ಳಗೆ ಮಾಡಿ ಅವಳ ಬೆರಳ ಸಂದಿಗಳು ಬಿರಿದಿವೆ. ಒಮ್ಮೆ ಸುಣ್ಣ ಸಿಡಿದು ಎಡಗಣ್ಣು ಇವತ್ತಿಗೂ ಬಿಸಿಲಿಗೆ ಸುರಿಯುತ್ತದೆ. ಮೇಲಿನ ಸಾಲಿನಲ್ಲಿ, ಎಡಕ್ಕೆ, ಒಂದು ಹಲ್ಲಿಲ್ಲ. ಮನೆಯಲ್ಲಿ ಅವಳು, ಅತ್ತೆ, ಹನ್ನೆರಡು ವರ್ಷದ ಮಗಳು. ಗಂಡ ಇಲ್ಲ. ಯಾಕಿಲ್ಲ ಎಂಬುದು ಗೋಡೆಯ ವಿಷಯ, ಹಾಗಾಗಿ ಗೋಡೆಯನ್ನು ಮೊದಲು ಹೇಳಿಬಿಡಬೇಕು.

ಗುಡ್ಡದ ಮೇಲೆ ಮೇಲಿನ ಬಡಾವಣೆ. ಅಲ್ಲಿ ಹುಲ್ಲಿಗೆ ದಿನಕ್ಕೆರಡು ಸಲ ನೀರು, ಕಾರಿಗೆ ಒಂದು ಸಲ ಸ್ನಾನ, ಮನುಷ್ಯರಿಗೆ ಈಜುಕೊಳ. ಆ ನೀರೆಲ್ಲ ಮಣ್ಣಲ್ಲಿ ಇಂಗಿ ಕೆಳಕ್ಕೆ ಇಳಿಯುತ್ತದೆ. ಗುಡ್ಡ ಕಡಿದ ಕಡೆ ಮಣ್ಣು ಜಾರದಿರಲಿ ಎಂದು ಮೂರಾಳೆತ್ತರದ ಗೋಡೆ. ಗೋಡೆಯ ಬುಡಕ್ಕೆ ಚರಂಡಿ. ಚರಂಡಿಗೆ ಅಂಟಿಕೊಂಡು ಐದು ಮನೆ, ಅದೇ ಸಾಲಿನಲ್ಲಿ ಮುಂದೆ ಒಂದಷ್ಟು ಖಾಲಿ ಜಾಗ, ಆಮೇಲೆ ಮತ್ತೆ ಮನೆಗಳು. ಗೋಡೆಯಲ್ಲಿ ಇಪ್ಪತ್ತೆರಡು ತೂತು, ಪ್ರತಿ ತೂತಿಗೂ ಕೈ ತೂರುವಷ್ಟು ಅಗಲದ ಒಂದು ಪೈಪಿನ ತುಂಡು. ಮಣ್ಣಿನೊಳಗಿನ ನೀರು ಅವುಗಳಿಂದ ಹಗಲೂ ರಾತ್ರಿ ಸೋರಿ ಚರಂಡಿಗೆ ಬೀಳುತ್ತದೆ. ಗೋಡೆ ಕಟ್ಟುವಾಗ ಸುಣ್ಣದಕ್ಕ ಜಲ್ಲಿ ಹೊತ್ತಿದ್ದಳು. ಮುದಿ ಮೇಸ್ತ್ರಿ ಪೈಪು ಇಡುತ್ತ ಹೇಳಿದ್ದ: "ನೋಡವ್ವ, ಗೋಡೆ ಅಂದ್ರೆ ಮನುಷ್ಯನ ಥರಾನೇ. ಉಚ್ಚೆ ಹೊಯ್ತಿರಬೇಕು. ಕಟ್ಟಿಕೊಂಡ್ರೆ ಒಡೆದು ಸಾಯುತ್ತೆ." ಆ ಮಾತು ಬೀದಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಮೇಡಂ ಮುಂದೆ ಹೇಳಲು ಮಾತ್ರ ನಾಚಿಕೆ.

ಇದು ಹೊಸ ಗೋಡೆ. ಹಳೆಯದು ಒಂಬತ್ತು ವರ್ಷದ ಹಿಂದೆ ಬಿತ್ತು. ಯಾರೋ ದೊಡ್ಡವರು ಆ ರಸ್ತೆಯಲ್ಲಿ ಕಾರಲ್ಲಿ ಹೋಗುವವರಿದ್ದರು. ಅವರ ಕಣ್ಣಿಗೆ ಪಾಚಿ ಬೀಳಬಾರದೆಂದು ಗೋಡೆಗೆ ನುಣ್ಣಗೆ ಗಾರೆ ಮಾಡಿಸಿ, ತೂತೆಲ್ಲ ಮುಚ್ಚಿಸಿ, ಸುಣ್ಣ ಹೊಡೆಸಿದರು. ದೊಡ್ಡವರು ಬೇರೆ ರಸ್ತೆಯಲ್ಲಿ ಹೋದರು. ಹದಿನೆಂಟನೇ ದಿನ, ಬೆಳಿಗ್ಗೆ ಎಂಟಕ್ಕೆ, ಗೋಡೆ ನಾಲ್ಕು ಮನೆಗಳ ಮೇಲೆ ಮಲಗಿತು. ಅದರಲ್ಲೊಂದು ಮನೆಯಲ್ಲಿ ಸುಣ್ಣದಕ್ಕನ ಗಂಡ ಪಾಳಿ ಮುಗಿಸಿ ಬಂದು ಮಲಗಿದ್ದ. ಅವಳು ಹಾರೆ ಹಿಡಿದು ಅಗೆದಳು. ಕಲ್ಲಿಗೆ ತಾಗಿದ ಹಾರೆ ಪುಟಿದು ಬಾಯಿಗೆ ಬಡಿಯಿತು. ಹಲ್ಲು ಉಗುಳಿ ಮತ್ತೆ ಅಗೆದಳು. ಮಧ್ಯಾಹ್ನದ ಹೊತ್ತಿಗೆ ಅವನ ಕಾಲು ಸಿಕ್ಕಿತು.

ಆ ನಾಲ್ಕು ಮನೆಗಳ ಜಾಗವೇ ಈಗಿನ ಖಾಲಿ ಜಾಗ. ಅಲ್ಲಿ ಯಾರೂ ಮನೆ ಕಟ್ಟಿಲ್ಲ. "ಇಷ್ಟು ಒತ್ತೊತ್ತಾದ ಬೀದೀಲಿ ಇಷ್ಟು ಒಳ್ಳೇ ಜಾಗ ಹೇಗೆ ಖಾಲಿ ಉಳೀತು! ವೇದಿಕೆ ಇಲ್ಲೇ ಹಾಕೋಣ" ಅಂದರು ಮೇಡಂ.

ಕಲಾವಿದ ಒಳ್ಳೆಯವನೇ. ಒಳ್ಳೆಯವನಲ್ಲದಿದ್ದರೆ ಕೆಲಸ ಸುಲಭವಿತ್ತು, ಬೈದು ಕಳಿಸಬಹುದಿತ್ತು. ಎಲ್ಲ ಹೆಂಗಸರನ್ನೂ ಅಕ್ಕ ಅನ್ನುತ್ತಿದ್ದ. ಬೀದಿಯ ನೀರು ಮಾತ್ರ ಅವನ ಹೊಟ್ಟೆಗೆ ಆಗುತ್ತಿರಲಿಲ್ಲ, ಬಾಟಲಿ ತರುತ್ತಿದ್ದ. ಗೋಡೆ ಕೆರೆಯಲು ಆಳು ಬೇಕಿತ್ತು, ಸುಣ್ಣದಕ್ಕನನ್ನು ಕರೆದ. ಅವಳು ಎಂಟು ದಿನ ಬಿದಿರು ಕಟ್ಟಿದ ಸಾರ್ವೆಯ ಮೇಲೆ ನಿಂತು ಪಾಚಿ ಕೆರೆದಳು. ತಂತಿ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಭುಜ ಮೇಲೇಳದಾಯಿತು, ಮಗಳು ತಲೆ ಬಾಚಿದಳು. ಡಬ್ಬದ ಬಣ್ಣ ಬಂದಾಗ ಅವಳು ಹೇಳಿದಳು: "ಸಾರ್, ಇದು ಹಸಿ ಗೋಡೆ. ಇದಕ್ಕೆ ಸುಣ್ಣ ಆಗುತ್ತೆ, ಅದು ಉಸಿರಾಡುತ್ತೆ. ಈ ಬಣ್ಣ ಪ್ಲಾಸ್ಟಿಕ್ ಇದ್ದಂಗೆ. ಹಪ್ಪಳದ ಥರ ಎದ್ದು ಬರುತ್ತೆ."

"ಅಕ್ಕ, ಇದು ಹೊರದೇಶದ ಬಣ್ಣ" ಅಂದ ಕಲಾವಿದ.

"ಗೋಡೆ ಇಲ್ಲೀದಲ್ವಾ ಸಾರ್?"

ಅವನು ನಕ್ಕ. ನಕ್ಕು ಅವಳನ್ನೇ ನೋಡಿದ. ನೋಡುತ್ತಲೇ ನಿಂತ. ಆಮೇಲೆ ಮೇಡಂಗೆ ಫೋನ್ ಹಚ್ಚಿ, "ಮುಖ ಸಿಕ್ಕಿತು" ಅಂದ.

ಸುಣ್ಣದಕ್ಕನ ಮುಖ ಖಾಲಿ ಜಾಗದ ಹಿಂದಿನ ಗೋಡೆಗೆ ಹೋಗುವುದೆಂದು ತೀರ್ಮಾನವಾಯಿತು. ಎರಡು ಮಧ್ಯಾಹ್ನ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಅವನು ಬರೆದುಕೊಂಡ. ಹಾಗೆ ಅಷ್ಟು ಹೊತ್ತು ಅವಳನ್ನು ಯಾರೂ ನೋಡಿರಲಿಲ್ಲ, ಗಂಡ ಕೂಡ. ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ತುಂಬಾ ಖುಷಿಯಾಯಿತು. ಮನೆಗೆ ಬಂದು ಚೂರು ಕನ್ನಡಿಯಲ್ಲಿ ಆಕಡೆ ಈಕಡೆ ತಿರುಗಿ ನೋಡಿಕೊಂಡಳು. ಅತ್ತೆ ಗಮನಿಸಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ" ಅಂದಳು. ಹಾಗಂದವಳು ಮಾರನೆಯ ದಿನ ತಾನೇ ಹೋಗಿ ಗೋಡೆಯೆದುರು ಕಲ್ಲಿನ ಮೇಲೆ ಕೂತು ಸೊಸೆಯ ಮುಖ ದೊಡ್ಡದಾಗುವುದನ್ನು ನೋಡಿದಳು.

ಮುಖ ಎದ್ದಿತು. ಎರಡಾಳೆತ್ತರ. ಬಣ್ಣ ಒಂದೆರಡು ಪಟ್ಟು ತಿಳಿಯಾಗಿತ್ತು, ಎಡಗಣ್ಣು ಸುರಿಯುತ್ತಿರಲಿಲ್ಲ. ತಲೆಗೂದಲಿಂದ ಹಕ್ಕಿಗಳು ಹಾರುತ್ತಿದ್ದವು. ಹಿಂದೆ ಸೂರ್ಯ. ಕೆಳಗೆ 'ಭರವಸೆ' ಎಂದು ಅಕ್ಷರ.

"ಹೆಂಗಸರ ತಲೇಲಿ ಹೇನು ಇರೋದು ನೋಡಿದೀನಿ. ಹಕ್ಕಿ ಇರೋದು ಇದೇ ಮೊದಲು" ಅಂದಳು ಅತ್ತೆ.

ಕೊನೆಗೆ ಬಾಯಿ ಬಂತು. ದೊಡ್ಡ ನಗು. ಮೂವತ್ತೆರಡಲ್ಲದಿದ್ದರೂ ಹನ್ನೆರಡು ಹಲ್ಲು, ಒಂದೂ ಬಿಡದೆ, ಸಾಲಾಗಿ, ಬೆಳ್ಳಗೆ. ಮೇಲಿನ ಸಾಲಿನ ಎಡಗಡೆ ಹಲ್ಲು ಸರಿಯಾಗಿ ಗೋಡೆಯ ಒಂದು ತೂತಿನ ಮೇಲೆ ಬಂದಿತ್ತು. ಹಲ್ಲು ಬರೆದ ಅರ್ಧ ಗಂಟೆಗೆಲ್ಲ ಕೆಂಚು ನೀರು ಇಳಿದು, ತುಟಿ ದಾಟಿ, ಗಲ್ಲಕ್ಕೆ ಬಂತು. ಎಲೆಅಡಿಕೆ ಹಾಕಿ ಜೊಲ್ಲು ಬಿಟ್ಟಂತೆ ಕಾಣುತ್ತಿತ್ತು. ಕಲಾವಿದ ಒರೆಸಿದ. ಮತ್ತೆ ಬಂತು. ಒರೆಸಿದ. ಮತ್ತೆ.

"ಅಕ್ಕ, ಈ ತೂತುಗಳನ್ನೆಲ್ಲ ಮುಚ್ಚಿಬಿಡು" ಅಂದ.

ಸುಣ್ಣದಕ್ಕ ಖಾಲಿ ಜಾಗದ ಕಡೆ ನೋಡಿದಳು. "ಆಗಲ್ಲ ಸಾರ್."

"ಯಾಕೆ?"

ಅವಳು ಹೇಳಿದಳು. ಮೇಸ್ತ್ರಿಯ ಮಾತು, ನಾಚಿಕೆ ಬಿಟ್ಟು, ಇದ್ದ ಹಾಗೇ ಹೇಳಿದಳು. ಕಲಾವಿದ ಪುಸ್ತಕ ತೆಗೆದು ಅದನ್ನು ಬರೆದುಕೊಂಡ. "ಎಂಥ ಮಾತು ಅಕ್ಕ! ಎಂಥ ರೂಪಕ!" ಅಂದ. ಬರೆದುಕೊಂಡು ಪುಸ್ತಕ ಮುಚ್ಚಿ, "ಸರಿ, ಯಾವಾಗ ಮುಚ್ಚುತ್ತೀಯಾ?" ಅಂದ.

"ಒಂದು ಕೆಲಸ ಮಾಡಿ ಸಾರ್" ಅಂದಳು ಅವಳು. "ಆ ಹಲ್ಲು ಬಿಟ್ಟುಬಿಡಿ. ತೂತು ಹಂಗೇ ಇರಲಿ. ನನಗೂ ಅಲ್ಲಿ ಹಲ್ಲಿಲ್ಲ." ಬಾಯಿ ತೆರೆದು ತೋರಿಸಿದಳು.

ಅವನಿಗೆ ನಿಜವಾಗಿ ನೋವಾಯಿತು. "ಅಕ್ಕ, ಹಲ್ಲಿಲ್ಲದ ನಗು ನೋಡಿದ್ರೆ ಜನಕ್ಕೆ ಬೇಜಾರಾಗುತ್ತೆ. ಇದು ಭರವಸೆಯ ಚಿತ್ರ. ನಿನಗೆ ಇಲ್ಲದ್ದನ್ನ ನಾನು ಕೊಡ್ತಾ ಇದೀನಿ."

ವಿಷಯ ಮೇಡಂವರೆಗೆ ಹೋಯಿತು. ಮೇಡಂ ವಾರ್ಡಿನ ಸದಸ್ಯನನ್ನು ಕರೆದುಕೊಂಡು ಬಂದರು. ಸದಸ್ಯ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಾತಾಡಿದ. ಉದ್ಘಾಟನೆಗೆ ನಗರಸಭೆಯ ದೊಡ್ಡ ಸಾಹೇಬರು ಬರುತ್ತಾರೆ. ಕಕ್ಕಸಿನ ಕಡತ ಸಾಹೇಬರ ಮೇಜಿನ ಮೇಲೇ ಇದೆ. ಚಿತ್ರ ನೋಡಿ ಖುಷಿಯಾದರೆ ಅಲ್ಲೇ ಸಹಿ. ಚಿತ್ರ ಜೊಲ್ಲು ಸುರಿಸುತ್ತಿದ್ದರೆ ಸಾಹೇಬರಿಗೆ ಹೇಗೆ ಖುಷಿಯಾಗಬೇಕು?

ಬೀದಿಯೆಲ್ಲ ಸುಣ್ಣದಕ್ಕನ ಮನೆ ಬಾಗಿಲಿಗೆ ಬಂತು. "ನಾಲ್ಕೇ ದಿನ ಅಲ್ವಾ? ಆಮೇಲೆ ತೆಗೆದ್ರಾಯ್ತು" ಅಂದಳು ಪಕ್ಕದ ಮನೆಯ ಇಸ್ತ್ರಿಯವಳು. "ನನ್ನ ಮಗಳು ಈಗ ದೊಡ್ಡವಳಾಗಿದಾಳೆ ಕಣಕ್ಕ, ಕತ್ತಲಾಗೋವರೆಗೂ ಕಾಯ್ತಾಳೆ. ನಿನ್ನ ಮಗಳಿಗೂ ನಾಳೆ ಅದೇ ಗತಿ." ಮಂಡಿನೋವಿನ ಮುದುಕ ಮಂಡಿಯ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡಿದ.

ಬೇಡ ಅನ್ನಬೇಕೆಂದಿದ್ದಳು. ಯಾಕೆಂದರೆ ಬೀದಿಗೆ ಗೊತ್ತಿಲ್ಲದ್ದು ಒಂದು ಅವಳಿಗೆ ಗೊತ್ತಿತ್ತು. ಹಳೇ ಗೋಡೆಗೆ ಗಾರೆ ಮಾಡಿದ್ದು ಬೇರೆಯವರು. ಅದರ ಮೇಲೆ ರಾತ್ರೋರಾತ್ರಿ, ಹೊರಗಿನ ಆಳುಗಳ ಗುಂಪಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸುಣ್ಣ ಹೊಡೆದದ್ದು ಇವಳು, ಇದೇ ಕೈ. ತೂತು ಮುಚ್ಚಿದ ಗುರುತುಗಳು ಕಾಣದ ಹಾಗೆ ಎರಡೆರಡು ಕೋಟು ಹೊಡೆದಿದ್ದಳು. ಕೆಲಸ ಚೆನ್ನಾಗಿದೆ ಎಂದು ಹೊಗಳಿಸಿಕೊಂಡು ಬಂದು ಗಂಡನಿಗೆ ಹೇಳಿಕೊಂಡಿದ್ದಳು. ಒಂಬತ್ತು ವರ್ಷವಾಯಿತು, ಈ ಮಾತನ್ನು ಅತ್ತೆಗೂ ಹೇಳಿಲ್ಲ.

ಆದರೂ ಒಪ್ಪಿದಳು. ಒಪ್ಪಿ, ತನ್ನದೇ ಒಂದು ಉಪಾಯ ಮಾಡಿದಳು. ಸಿಮೆಂಟು ಮುಟ್ಟಲಿಲ್ಲ. ಹಳೇ ಬಟ್ಟೆಯ ಉಂಡೆ ಮಾಡಿ, ಒಂದೊಂದು ಉಂಡೆಗೂ ಗಟ್ಟಿ ದಾರ ಕಟ್ಟಿ, ಇಪ್ಪತ್ತೆರಡು ತೂತಿಗೂ ತುರುಕಿದಳು. ದಾರದ ತುದಿ ಹೊರಗೆ ಬೆರಳಷ್ಟು ಬಿಟ್ಟು, ಮೇಲೆ ತೆಳ್ಳಗೆ ಪುಟ್ಟಿ ಎಳೆದಳು. ಉದ್ಘಾಟನೆ ಮುಗಿದ ಗಳಿಗೆಯಲ್ಲಿ ದಾರ ಹಿಡಿದು ಎಳೆದರೆ ಉಂಡೆ ಹೊರಗೆ, ನೀರು ಹೊರಗೆ. ಸಾಹೇಬರಿಗೂ ಖುಷಿ, ಗೋಡೆಗೂ ಖುಷಿ. ಬಡವರು ಹೀಗೇ ಬುದ್ಧಿ ಓಡಿಸುತ್ತಾರೆ, ಎರಡೂ ಕಡೆಯವರನ್ನು ಸಮಾಧಾನ ಮಾಡುವ ಬುದ್ಧಿ. ಅದು ಬುದ್ಧಿಯಲ್ಲ, ಭಯ.

ಮಾರನೆಯ ದಿನ ಮಳೆ ಹಿಡಿಯಿತು. ಎರಡು ದಿನ ಬಿಡದೆ ಹೊಯ್ದು, ಮೂರನೇ ದಿನ ನಿಂತಿತು. ಮಳೆ ಬೀಳದಿರಲೆಂದು ಚಿತ್ರಕ್ಕೆ ದೊಡ್ಡ ಬಟ್ಟೆ ಇಳಿಬಿಟ್ಟರು. ಮನೆಗಳಿಗೆ ಯಾರೂ ಬಟ್ಟೆ ಇಳಿಬಿಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ. ಎಂಟು ಗಂಟೆಗೆ ಅತ್ತೆ ಪಾತ್ರೆ ತೊಳೆದ ನೀರು ಚೆಲ್ಲಲು ಹೋದವಳು ಅಲ್ಲೇ ನಿಂತಳು.

"ಏನೇ," ಅಂತ ಸೊಸೆಯನ್ನು ಕರೆದಳು. "ಎರಡು ದಿನ ಮಳೆ ಹೊಯ್ದಿದೆ. ಚರಂಡಿ ಒಣಗಿದೆಯಲ್ಲೇ."

ಸುಣ್ಣದಕ್ಕ ಬಂದು ನೋಡಿದಳು. ಮಳೆ ನಿಂತ ಮಾರನೆಯ ದಿನ ತುಂಬಿ ಹರಿಯಬೇಕಿದ್ದ ಚರಂಡಿಯ ತಳ ಬೆಳ್ಳಗೆ ಕಾಣುತ್ತಿತ್ತು. ಬಟ್ಟೆಯ ಉಂಡೆ ಇಷ್ಟು ಬಿಗಿಯಾಗಿ ನೀರು ಹಿಡಿಯುವುದಿಲ್ಲ, ಜಿನುಗುತ್ತದೆ, ಜಿನುಗಲೇಬೇಕು. ಅವಳು ಇಳಿಬಿಟ್ಟ ಬಟ್ಟೆಯ ಒಳಗೆ ನುಸುಳಿದಳು. ಕೆಳಗಿನ ಸಾಲಿನ ತೂತು ಹುಡುಕಿ ದಾರಕ್ಕೆ ಕೈ ಹಾಕಿದಳು. ದಾರ ಇರಲಿಲ್ಲ. ಕಲ್ಲಿನಷ್ಟು ಗಟ್ಟಿ ಸಿಮೆಂಟು ಇತ್ತು. ಪಕ್ಕದ್ದು, ಅದರ ಪಕ್ಕದ್ದು, ಎಲ್ಲವೂ ಹಾಗೇ. ಬೆರಳಗಂಟಿನಿಂದ ಗೋಡೆ ಬಡಿದಳು. ಕೆರೆಯುವಾಗ ಟಣ್ ಅನ್ನುತ್ತಿದ್ದ ಗೋಡೆ ಈಗ ಧಬ್ ಅಂದಿತು, ತುಂಬಿದ ಕೊಡ ಬಡಿದಂತೆ. ಆ ಸದ್ದು ಅವಳಿಗೆ ಗೊತ್ತಿತ್ತು. ಹಳೇ ಗೋಡೆಗೆ ಎರಡನೇ ಕೋಟು ಹೊಡೆಯುವಾಗ ಕೇಳಿದ್ದಳು, ಕೇಳಿ ಸುಮ್ಮನಿದ್ದಳು.

ಕಲಾವಿದ ವೇದಿಕೆಯ ಹತ್ತಿರ ಮೈಕು ನೋಡುತ್ತಿದ್ದ. ಅವಳು ಓಡಿ ಹೋದಳು.

"ಸಾರ್, ತೂತಿಗೆ ಸಿಮೆಂಟು ಹಾಕಿದ್ದು ಯಾರು?"

"ಓ, ಅದಾ. ನೀನು ಹಾಕಿದ್ದು ಬೆವರ್ತಾ ಇತ್ತು ಅಕ್ಕ. ಮಳೆಗೆ ಮುಂಚೆ ನನ್ನ ಹುಡುಗರಿಗೆ ಹೇಳಿ ಭದ್ರ ಮಾಡಿಸಿದೆ. ಹತ್ತೇ ನಿಮಿಷಕ್ಕೆ ಗಟ್ಟಿಯಾಗೋ ಸಿಮೆಂಟು!"

"ಒಡೀಬೇಕು ಸಾರ್. ಈಗಲೇ. ಗೋಡೆ ತುಂಬಿದೆ."

"ಕಾರ್ಯಕ್ರಮ ಮುಗೀಲಿ ಅಕ್ಕ."

ಮೇಡಂ ಬಳಿ ಹೋದಳು. ಮೇಡಂ ಅವಳ ಕೈ ಹಿಡಿದುಕೊಂಡು ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಮ ಭಾವನೆಗಳನ್ನ ನಾವು ಗೌರವಿಸ್ತೀವಿ" ಅಂದರು. ಗೌರವಿಸಿ ಕೈ ಬಿಟ್ಟು ಹೂಗುಚ್ಛ ಎಣಿಸಲು ಹೋದರು. ಸದಸ್ಯನ ಬಳಿ ಹೋದಳು. "ಏಯ್, ಇವತ್ತೊಂದು ದಿನ ಶುಭ ಮಾತಾಡು" ಅಂದ ಅವನು.

ಅಷ್ಟರಲ್ಲಿ ಸಾಹೇಬರು ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಕೂದಲು. ಅವರ ಮನೆಯೂ ಮೇಲಿನ ಬಡಾವಣೆಯಲ್ಲೇ. ಮೇಡಂ ಚರಂಡಿ ತೋರಿಸಿ ಹೇಳಿದರು: "ಗಮನಿಸಿ ಸಾರ್. ಕಲೆ ಬಂದ ಮೇಲೆ ಜನರಲ್ಲಿ ಶುಚಿತ್ವದ ಅರಿವು ಬಂದಿದೆ. ಚರಂಡೀಲಿ ಒಂದು ತೊಟ್ಟು ನೀರಿಲ್ಲ." ಸಾಹೇಬರು ಬಗ್ಗಿ ಚರಂಡಿ ನೋಡಿ ತಲೆದೂಗಿದರು. ಹಿಂದೆ ಬಂದ ಎಂಟು ಹತ್ತು ಜನರೂ ಬಗ್ಗಿ ತಲೆದೂಗಿದರು.

ಅತಿಥಿಗಳಿಗೆ ಕುರ್ಚಿ, ಬೀದಿಯವರಿಗೆ ಹಗ್ಗದ ಆಚೆ ಜಾಗ. ಸುಣ್ಣದಕ್ಕನನ್ನು ಮಾತ್ರ ವೇದಿಕೆಯ ಪಕ್ಕ ನಿಲ್ಲಿಸಿ ಕೈಗೆ ಹೂಗುಚ್ಛ ಕೊಟ್ಟರು. ಫೋಟೋದವನು ಅವಳನ್ನು ನೋಡಿದ, ಮೇಡಂ ಕಿವಿಯಲ್ಲಿ ಏನೋ ಹೇಳಿದ. ಮೇಡಂ ಹತ್ತಿರ ಬಂದು ಮೆಲ್ಲಗೆ, "ತಪ್ಪು ತಿಳ್ಕೋಬೇಡಿ. ಚಿತ್ರದಲ್ಲಿ ಹಲ್ಲು ಪೂರ್ತಿ ಇದೆಯಲ್ಲ, ಫೋಟೋದಲ್ಲಿ ವ್ಯತ್ಯಾಸ ಕಾಣುತ್ತೆ. ನೀವು ಬಾಯಿ ಮುಚ್ಚಿಕೊಂಡು ನಗಿ" ಅಂದರು.

ಸುಣ್ಣದಕ್ಕ ಬಾಯಿ ಮುಚ್ಚಿಕೊಂಡಳು. ನಗು ಬರಲಿಲ್ಲ.

ಸಾಹೇಬರು ಹಗ್ಗ ಎಳೆದರು, ಬಟ್ಟೆ ಕೆಳಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಡೆಯ ಮೇಲಿನ ಸುಣ್ಣದಕ್ಕ ಹನ್ನೆರಡು ಹಲ್ಲು ತೋರಿಸಿ ನಗುತ್ತಿದ್ದಳು. ಕೆಳಗಿನ ಸುಣ್ಣದಕ್ಕ ನೋಡಿದ್ದು ನಗುವನ್ನಲ್ಲ. ಗಲ್ಲದ ಕೆಳಗೆ, 'ಭರವಸೆ'ಯ ಮೇಲೆ, ಬಣ್ಣ ಸೀಳಿ ಉದ್ದಕ್ಕೆ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎಂಟು ಗಂಟೆಗೆ ಬಟ್ಟೆಯೊಳಗೆ ನುಸುಳಿದಾಗ ಇರಲಿಲ್ಲ.

ಸಾಹೇಬರು ಅರ್ಧ ಗಂಟೆ ಮಾತಾಡಿದರು. ಬಡವರ ಕಣ್ಣಲ್ಲಿ ತಾವು ಬೆಳಕು ಕಂಡೆವೆಂದರು. ಆಮೇಲೆ ಸುಣ್ಣದಕ್ಕನ ಕೈಗೆ ಮೈಕು, ಜೊತೆಗೊಂದು ಚೀಟಿ. ಮೇಡಂ ಅವಳಿಗಾಗಿ ಬರೆದು, ನಿನ್ನೆಯೇ ಬಾಯಿಪಾಠ ಮಾಡಿಸಿದ್ದರು: ಈ ಚಿತ್ರ ನನ್ನ ಬದುಕಿಗೆ ಬಣ್ಣ ತುಂಬಿದೆ.

ಅವಳು ಮೈಕು ಹಿಡಿದಳು. ಹಗ್ಗದಾಚೆ ಅತ್ತೆ ಕಂಡಳು, ಮಗಳ ಹೆಗಲಿಗೆ ಆತುಕೊಂಡಿದ್ದಳು. ಅವಳ ಹಿಂದೆಯೇ ಅವರ ಮನೆ, ಅದರ ಹಿಂದೆ ಗೋಡೆ.

"ಗೋಡೆ ಕೆಳಗಿನ ಐದು ಮನೆಯವರು ಹೊರಗೆ ಬನ್ನಿ" ಅಂದಳು. "ಒಳಗೆ ಮಲಗಿರೋರನ್ನ ಎತ್ಕೊಂಡು ಬನ್ನಿ. ಅತ್ತೇ, ಮಗೂನ ಕರ್ಕೊಂಡು ರಸ್ತೆಗೆ ನಡಿ. ಗೋಡೆ ಕಟ್ಟಿಕೊಂಡಿದೆ. ಹಳೇ ಗೋಡೆ ಥರಾನೇ. ಆ ಗೋಡೆಗೆ ಸುಣ್ಣ ಹೊಡೆದವಳು ನಾನೇ. ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತೂ ಬಾಯಿ ಮುಚ್ಚಿಕೊಂಡು ನಗು ಅಂತಾವ್ರೆ. ನಗಲ್ಲ ನಾನು."

ಮೈಕು ಕಟ್ಟಾಯಿತು. ಅವಳು ಅದನ್ನು ಸಾಹೇಬರ ಮಡಿಲಿಗೆ ಹಾಕಿ ಮನೆಗೆ ಓಡಿದಳು. ಏಣಿ, ಸುತ್ತಿಗೆ, ಉಳಿ ತಂದಳು. ಅತ್ತೆ ದಾರಿಯಲ್ಲಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಸೊಸೆಗೆ ಇರಲಿಲ್ಲ. ಅತ್ತೆ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಏಣಿಯ ಇನ್ನೊಂದು ತುದಿಗೆ ಕೈ ಕೊಟ್ಟಳು.

"ಹತ್ತು ಮೊದಲು" ಅಂದಳು. "ಅಳೋದು ಆಮೇಲೆ."

ಏಣಿ ಮುಖಕ್ಕೆ ಒರಗಿತು. ಅತಿಥಿಗಳು ಇದು ಕಾರ್ಯಕ್ರಮದ ಭಾಗವೆಂದುಕೊಂಡರು. ಫೋನುಗಳು ಹೊರಬಂದವು. "ಸಮುದಾಯದ ಸಹಭಾಗಿತ್ವ ಸಾರ್" ಅಂದರು ಮೇಡಂ, ಬೇರೇನು ಹೇಳುವುದೆಂದು ತೋಚದೆ. ಸಾಹೇಬರು ಚಪ್ಪಾಳೆ ತಟ್ಟಿದರು. ಇನ್ನೂ ಹತ್ತಿರದಿಂದ ನೋಡಬೇಕೆಂದು ಎದ್ದು ಏಣಿಯ ಪಕ್ಕಕ್ಕೇ ಬಂದರು. ಕಲಾವಿದನೊಬ್ಬನಿಗೇ ಅರ್ಥವಾಗಿದ್ದು. ಅವನು "ಅಕ್ಕ! ಅಕ್ಕ!" ಎಂದು ಕೂಗುತ್ತ ಏಣಿ ಹಿಡಿಯಲು ಬಂದ. ಇಸ್ತ್ರಿಯವಳು ಅವನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದಳು. ದಿನವಿಡೀ ಇಸ್ತ್ರಿ ಎತ್ತಿಳಿಸುವ ಕೈ, ಅವನಿಂದ ಬಿಡಿಸಿಕೊಳ್ಳಲಾಗಲಿಲ್ಲ.

ಸುಣ್ಣದಕ್ಕ ತನ್ನ ತುಟಿಯ ಎತ್ತರಕ್ಕೆ ಹತ್ತಿದಳು. ಹಲ್ಲಿಗೆ ಉಳಿ ಇಟ್ಟಳು. ಹೊಡೆದಳು. ಹೊರದೇಶದ ಬಣ್ಣ ಚಕ್ಕೆಯಾಗಿ ಹಾರಿತು. ಮತ್ತೆ ಹೊಡೆದಳು. ಭುಜ ಕಿತ್ತು ಬರುವಂತಾಯಿತು. ಆರನೇ ಏಟಿಗೆ ಸಿಮೆಂಟು ಬಿರಿಯಿತು. ಎಂಟನೇ ಏಟಿಗೆ ಹಲ್ಲು ಉದುರಿತು. ಮೊದಲು ಅವಳದೇ ಬಟ್ಟೆಯ ಉಂಡೆ ಗುಂಡಿನ ಹಾಗೆ ಹೊರಗೆ ನೆಗೆಯಿತು. ಅದರ ಹಿಂದೆಯೇ ನೀರು.

ಅದು ಸೋರಲಿಲ್ಲ, ಉಗಿಯಿತು. ತೋಳುದ್ದ ಮುಂದಕ್ಕೆ ಚಿಮ್ಮಿ, ಕೆಂಪು ರಾಡಿಯಾಗಿ, ಏಣಿಯ ಪಕ್ಕದಲ್ಲಿ ಮುಖವೆತ್ತಿ ನಿಂತಿದ್ದ ಸಾಹೇಬರ ಬಿಳಿಯ ಮೇಲೆ ಪೂರ್ತಿ ಬಿತ್ತು. ಹುಲ್ಲಿಗೆ ಬಿಟ್ಟ ನೀರು, ಕಾರು ತೊಳೆದ ನೀರು, ಮಿಂದ ನೀರು, ಎಲ್ಲ ಸೇರಿ ಬಂದಿತ್ತು. ಸಾಹೇಬರ ನೀರು ಸಾಹೇಬರಿಗೇ ತಲುಪಿತು. ಚಪ್ಪಾಳೆ ನಿಂತುಹೋಯಿತು.

ಹಗ್ಗದಾಚೆ ಮೊದಲು ನಕ್ಕವನು ಮಂಡಿನೋವಿನ ಮುದುಕ. ಆಮೇಲೆ ಯಾರೂ ನಗುತ್ತ ನಿಲ್ಲಲಿಲ್ಲ. ಹಾರೆ, ಸಲಾಕೆ, ಒನಕೆಯಂಥ ಮರದ ತುಂಡು, ಸಿಕ್ಕಿದ್ದು ಹಿಡಿದುಕೊಂಡು ಗೋಡೆಗೆ ಬಿದ್ದರು. ಕೆಳಗಿನ ಸಾಲು ಒಡೆದರು. ಕೈಗೆ ಎಟುಕದ ಕಡೆ ವೇದಿಕೆಯ ಮೇಜು ಹಾಕಿಕೊಂಡರು, ಅದು ಸಾಲದಾದಾಗ ಕುರ್ಚಿ ಪೇರಿಸಿದರು. ಹಕ್ಕಿಗಳಿಂದ ನೀರು ಬಂತು, ಸೂರ್ಯನಿಂದ ನೀರು ಬಂತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡೂ ತೆರೆದಿದ್ದವು. ಚರಂಡಿ ತುಂಬಿ ರಸ್ತೆಗೆ ಹರಿದು, ಅತಿಥಿಗಳ ಕಾರಿನ ಚಕ್ರ ಮುಳುಗಿತು. ಗೋಡೆ ನಿಂತಿತು.

ಅವತ್ತು ಸುಣ್ಣದಕ್ಕ ಅತ್ತೆಯ ಮುಂದೆ ಕೂತು ಅತ್ತಳು.

"ನನ್ನ ಮಗನ್ನ ಕೊಂದೋರು ದಿನಾ ಕಾರಲ್ಲಿ ಓಡಾಡ್ತಾರೆ" ಅಂದಳು ಅತ್ತೆ. "ನೀನು ಒಂಬತ್ತು ವರ್ಷದಿಂದ ನನಗೆ ಅನ್ನ ಹಾಕಿದೀಯ. ಆದರೂ ಹೇಳಬೇಕಿತ್ತು ಕಣೇ ನನಗೆ." ಅಷ್ಟೇ ಅಂದಳು. ಎರಡು ದಿನ ಸೊಸೆಯ ಜೊತೆ ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಅವಳ ಭುಜಕ್ಕೆ ಎಣ್ಣೆ ತಿಕ್ಕಿದಳು.

ಕಕ್ಕಸಿನ ಕಡತಕ್ಕೆ ಸಹಿ ಬೀಳಲಿಲ್ಲ. ಅಶಿಸ್ತಿನ ಜನಕ್ಕೆ ಸೌಲಭ್ಯ ಕೊಟ್ಟು ಪ್ರಯೋಜನವಿಲ್ಲ ಎಂದು ಸಾಹೇಬರು ಹೇಳಿದರಂತೆ. "ಹೋಯ್ತಲ್ಲವ್ವ ಕಕ್ಕಸು" ಅಂದ ಮಂಡಿನೋವಿನ ಮುದುಕ. ಸ್ವಲ್ಪ ಯೋಚಿಸಿ, "ಇರಲಿ ಬಿಡು, ಕೂರೋಕೆ ಜೀವ ಉಳಿದಿದೆ" ಅಂದ. ಮುಂದಿನ ವಾರ ಬೀದಿಯವರು ಸಾಹೇಬರ ಕಚೇರಿಗೆ ಹೋಗುವುದೆಂದಾಗಿದೆ. ಮೆಟ್ಟಿಲ ಮೇಲೇ ಕೂರುತ್ತಾರಂತೆ. ಹೇಗೆ ಕೂರುತ್ತಾರೆಂದು ಮುದುಕ ಈಗಾಗಲೇ ತೋರಿಸಿಕೊಟ್ಟಿದ್ದಾನೆ.

ಹತ್ತು ದಿನ ಬಿಟ್ಟು ಕಲಾವಿದ ಬಂದ. ಕೈಯಲ್ಲಿ ಪತ್ರಿಕೆ. ಅದರಲ್ಲಿ ನೀರು ಉಗಿಯುವ ಬಾಯಿಯ ದೊಡ್ಡ ಫೋಟೋ. ಕೆಳಗೆ ಅವನ ಮಾತು: ಸಮುದಾಯದೊಡನೆ ಸೇರಿ ನಾನು ರೂಪಿಸಿದ ಜೀವಂತ ಕಲಾಕೃತಿ, ಗೋಡೆಯೂ ಮನುಷ್ಯನಂತೆ.

ಸುಣ್ಣದಕ್ಕ ಏಣಿಯ ಮೇಲಿದ್ದಳು. ಅವಳು ಹೇಳಿದ ಹಾಗೇ ಬಣ್ಣ ಗುಳ್ಳೆ ಗುಳ್ಳೆ ಎದ್ದಿತ್ತು. ತಗಡು ಹಿಡಿದು ಕೆರೆಯುತ್ತಿದ್ದಳು. ಹಣೆ ಹೋಗಿತ್ತು, ಒಂದು ಕಣ್ಣು ಹೋಗಿತ್ತು. ಕೆಳಗೆ ಬಕೆಟ್ಟಿನಲ್ಲಿ ಸುಣ್ಣ ನೆನೆದಿತ್ತು.

"ಅಕ್ಕ, ನಿಲ್ಲಿಸು! ಏನ್ ಮಾಡ್ತಿದೀಯ? ದೊಡ್ಡ ಪ್ರದರ್ಶನದವರು ನೋಡೋಕೆ ಬರ್ತಾ ಇದಾರೆ. ಎಲ್ಲರೂ ಆ ಹಲ್ಲನ್ನೇ ಕೇಳ್ತಿದಾರೆ. ಹಲ್ಲಿನ ತೂತು ಹಾಗೇ ಇಟ್ಕೊಳ್ಳೋಣ, ನಿನ್ನ ಮಾತೇ ಸರಿ. ಬೇರೆ ಇಪ್ಪತ್ತೊಂದನ್ನ ಮಾತ್ರ ಮುಚ್ಚೋಣ. ಎಲ್ಲ ಕಡೆಯಿಂದ ನೀರು ಬಂದ್ರೆ ಹಲ್ಲು ಎದ್ದು ಕಾಣಲ್ಲ. ಆಮೇಲೆ ನೀನು ಪಕ್ಕದಲ್ಲಿ ನಿಂತು ಬಾಯಿ ಬಿಟ್ಟು ನಗಬೇಕು, ಒಂದು ಫೋಟೋ."

ಸುಣ್ಣದಕ್ಕ ತಿರುಗಿ ನೋಡಿದಳು. ಕೆಳಗೆ ಕಲ್ಲಿನ ಮೇಲೆ ಕೂತಿದ್ದ ಅತ್ತೆ, "ಕೋಣನ ಮುಂದೆ ಕಿನ್ನರಿ ಬಾರಿಸಬೇಡ, ಕೆಲಸ ನೋಡು" ಅಂದಳು.

"ಇದು ನನ್ನ ಚಿತ್ರ ಅಕ್ಕ" ಅಂದ ಕಲಾವಿದ.

"ಮುಖ ನಂದು ಸಾರ್" ಅಂದಳು ಅವಳು. "ಚಿತ್ರ ಬೇಕೇ ಬೇಕಿದ್ರೆ ನಿಮ್ಮ ಮುಖ ಬರೀರಿ. ಗೋಡೆ ಕೊಡ್ತೀವಿ. ನಿಮ್ಮ ಎಷ್ಟು ಹಲ್ಲು ಬಿಡಬೇಕು ಅಂತ ನಾವು ಹೇಳ್ತೀವಿ."

ಹೇಳಿ ನಕ್ಕಳು, ಬಾಯಿ ತೆರೆದು. ಕಲಾವಿದ ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಅವಳು ಗೋಡೆಯ ಕಡೆ ತಿರುಗಿಯಾಗಿತ್ತು. ಚಕ್ಕೆಗಳು ಅವನ ಹೆಗಲ ಮೇಲೆ ಉದುರುತ್ತಲೇ ಇದ್ದವು. ಅತ್ತೆ ದಿನದ ಹಾಗೆ ಕೆಳಗಿನಿಂದ ಬೆರಳು ಮಾಡಿ ತೂತುಗಳನ್ನು ಎಣಿಸಿದಳು. ಇಪ್ಪತ್ತೆರಡರಿಂದಲೂ ನೀರು ಬೀಳುತ್ತಿತ್ತು.